ಬೈತಲೆಯಿಂದ ಓಲೆಯವರೆಗೆ

ಮಿಲ್ಡುರಾ, ಆಸ್ಟ್ರೇಲಿಯಾ
ಸೋಮವಾರ, ನವೆಂಬರ್ ೧೮

ನನ್ನ ಟೀಚರಮ್ಮನಿಗೆ,

ಮೊದಲು ಕ್ಷೇಮ, ಆಮೇಲೆ ವಿಷಯ. ಇದು ನೀನು ಆರನೇ ಕ್ಲಾಸಿನಲ್ಲಿ ಕಲಿಸಿದ ಪಾಠ. ಇವತ್ತು ತಿರುಗುಮುರುಗು ಮಾಡುತ್ತಿದ್ದೇನೆ, ಬೇಕಾದರೆ ಕೆಂಪು ಇಂಕಿನಲ್ಲಿ ಗೀಟು ಎಳೆದುಕೋ. ನಾನು ಕಳಿಸಿದ ಕೂದಲ ಬಣ್ಣದ ಡಬ್ಬಗಳನ್ನು ತೆರೆಯಬೇಡ. ಮೂರರಲ್ಲಿ ಒಂದನ್ನೂ ತೆರೆಯಬೇಡ. ಗುರುವಾರ ಚಿಕ್ಕಮ್ಮ ಬ್ರಷ್ ಹಿಡಿದು ಬಂದರೆ ತಲೆ ಕೊಡಬೇಡ. ಇಷ್ಟು ಓದಿ ಸಿಟ್ಟಿನಿಂದ ಕಾಗದ ಮಡಚಿಟ್ಟರೂ ಚಿಂತೆಯಿಲ್ಲ. ಉಳಿದದ್ದನ್ನು ನಿಧಾನವಾಗಿ ಓದು.

ಫೋನಿನಲ್ಲಿ ಹೇಳಲಿಲ್ಲವೆಂದಲ್ಲ. ಹೋದ ಗುರುವಾರದಿಂದ ನಾಲ್ಕು ಸಲ ಮಾಡಿದೆ. ಚಿಕ್ಕಮ್ಮನ ಮಗಳು ಪ್ರೀತಿಕಾಳ ಮದುವೆ ಕೆಲಸವೆಂದು ನೀನು ಅವರ ಮನೆಯಲ್ಲೇ ಉಳಿದಿದ್ದೀಯ. ಆ ಮನೆಯಲ್ಲಿ ಯಾರ ಫೋನಾದರೂ ಸ್ಪೀಕರಿಗೇ ಹೋಗುತ್ತದೆ. ಬಣ್ಣ ಬೇಡ ಅಮ್ಮ ಎಂದು ನಾನು ಹೇಳುವಷ್ಟರಲ್ಲಿ ಚಿಕ್ಕಮ್ಮ ಹಿಂದಿನಿಂದ ನಕ್ಕಳು. "ತಾನೇ ಕಳಿಸ್ತಾಳೆ, ತಾನೇ ಬೇಡ ಅಂತಾಳೆ. ಅಲ್ಲಿಯ ನೀರು ತಲೆಗೆ ಹತ್ತಿದೆ ಇವಳಿಗೆ." ನೀನು ಮಾತ್ರ "ಗುರುವಾರ ಅಂತ ಆಗಿದೆ, ಬಿಡು" ಎಂದು ಫೋನು ಅವಳ ಕೈಗೆ ಕೊಟ್ಟೆ. ಆ ದನಿ ನನಗೆ ಗೊತ್ತು. ಪೋಷಕರು ಬಂದು ಕೂಗಾಡಿ ಹೋದ ಮೇಲೆ ಹಾಜರಿ ಪುಸ್ತಕ ಮುಚ್ಚುತ್ತೀಯಲ್ಲ, ಆಗಿನ ದನಿ.

ಅದಕ್ಕೇ ಇದನ್ನು ನಿನ್ನ ಶಾಲೆಯ ಆಫೀಸಿಗೆ ಕಳಿಸುತ್ತಿದ್ದೇನೆ. ಅಲ್ಲಿಯ ಗುಮಾಸ್ತೆ ಲೋಸಾನಾ ಇದನ್ನು ಪ್ರಿಂಟ್ ತೆಗೆದು, ಮಡಚಿ, ನಿನ್ನ ಮೇಜಿನ ಮೇಲೆ ಇಡುತ್ತಾಳಂತೆ. ಓದುವುದಿಲ್ಲ ಎಂದು ದೇವರ ಮೇಲೆ ಆಣೆ ಇಟ್ಟಿದ್ದಾಳೆ. ಓದುತ್ತಾಳೆ. ಲೋಸಾನಾ, ಬಾಗಿಲು ಹಾಕಿಕೊಂಡು ಓದು.

ನಾನಿದನ್ನು ಬರೆಯುತ್ತಿಲ್ಲ ಅಮ್ಮ, ಮಾತಾಡುತ್ತಿದ್ದೇನೆ, ಫೋನೇ ಬರೆದುಕೊಳ್ಳುತ್ತಿದೆ. ಈ ಮನೆಯಲ್ಲಿ ಆರು ಜನ ಬಾಡಿಗೆಗಿದ್ದೇವೆ. ಐವರು ಬೆಳಿಗ್ಗೆ ದ್ರಾಕ್ಷಿ ತೋಟಕ್ಕೆ ಹೋಗಬೇಕು, ಮಲಗಿದ್ದಾರೆ. ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುವ ತಂತಿಯ ಸುತ್ತ ತಿರುಗುತ್ತಿದ್ದೇನೆ. ಕೂತು ಮಾತಾಡಲು ಆಗುತ್ತಿಲ್ಲ. ಧ್ವನಿಯನ್ನೇ ಕಳಿಸಿದರೆ "ವಾಕ್ಯ ಮುಗಿಸೋಕೆ ಬಾರದವರ ಕೆಲಸ" ಎಂದು ನೀನು ಕೇಳುವುದೇ ಇಲ್ಲ. ಬೆರಳಿಗೇನಾಗಿದೆ, ಬರೆಯಲು ಸೋಮಾರಿತನವೇ ಎಂದು ಕೇಳಬೇಡ. ಸೋಮಾರಿತನವೇ.

ಹೋದ ತಿಂಗಳ ಜಗಳದಿಂದ ಶುರುಮಾಡುತ್ತೇನೆ. ಅದಕ್ಕೂ ಮುಂಚೆ ಚಿಕ್ಕಮ್ಮ ನನಗೆ ಬೇರೆಯಾಗಿ ಫೋನು ಮಾಡಿದ್ದಳು. ಅದು ನಿನಗೆ ಗೊತ್ತಿಲ್ಲ. "ನಿಮ್ಮಮ್ಮ ಬಸ್ ಹತ್ತಿದ್ರೆ ಹುಡುಗರು ಎದ್ದು ಸೀಟು ಬಿಟ್ಟುಕೊಡ್ತಾರೆ ಕಣೆ ಅರ್ತಿಕಾ. ನನಗಿಂತ ಎರಡೇ ವರ್ಷ ದೊಡ್ಡವಳು. ಮದುವೆ ಫೋಟೋದಲ್ಲಿ ಪಕ್ಕ ನಿಂತ್ರೆ ನನ್ನ ತಾಯಿ ಅಂತಾರೆ." ಅದು ನಿಮಗೆ ಖುಷೀನೇ ಅಲ್ವಾ ಚಿಕ್ಕಮ್ಮ ಎಂದೆ. ಅವಳು ನಗಲಿಲ್ಲ. "ಮಗಳು ಹೊರದೇಶದಲ್ಲಿ ಊರವರ ತಲೆಗೆಲ್ಲ ಬಣ್ಣ ಹಚ್ತಾಳೆ, ಹೆತ್ತವಳ ತಲೆ ನೋಡು ಅಂತಾರೆ ಜನ. ನನಗಲ್ಲ ಅವಮಾನ, ನಿನಗೆ."

ಆ ಮಾತು ಮುಳ್ಳಿನ ಹಾಗೆ ಒಳಗೇ ಉಳಿಯಿತು. ಭಾನುವಾರ ನಿನಗೆ ವಿಡಿಯೋ ಕರೆ ಮಾಡಿದೆ. ನಾನು ಇಲ್ಲಿಗೆ ಬಂದಾಗಿನಿಂದ ನೀನು ಫೋನನ್ನು ಗಲ್ಲದ ಹತ್ತಿರ ಹಿಡಿಯುತ್ತಿದ್ದೆ. ನನಗೆ ಕಾಣುತ್ತಿದ್ದದ್ದು ನಿನ್ನ ಮೂಗು, ಬಾಯಿ, ಹಿಂದಿನ ತಗಡಿನ ಸೂರು ಅಷ್ಟೆ. ಟೀಚರಿಗೆ ಫೋನು ಹಿಡಿಯಲು ಬರುವುದಿಲ್ಲವೆಂದು ನಾನು ಎಷ್ಟು ಸಲ ನಕ್ಕಿದ್ದೇನೆ. ಅವತ್ತು ನೀನು ತಲೆಗೆ ಸ್ನಾನ ಮಾಡಿ ಕೂದಲು ಹರಡಿಕೊಂಡಿದ್ದೆ. ಯಾರೋ ಬಾಗಿಲು ಬಡಿದರು. ನೀನು ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ ಎದ್ದೆ. ಆಗ ಕಂಡಿತು. ವಾಪಸು ಬಂದಾಗ ಅದೇನು ತಲೆಯಲ್ಲಿ ಎಂದು ಕೇಳಿದೆ. "ಬೂದಿ ಕಣೆ. ಮೇಲಿನ ಗುಡ್ಡದಲ್ಲಿ ಕಬ್ಬಿಗೆ ಬೆಂಕಿ ಇಟ್ಟಿದ್ದಾರೆ" ಎಂದೆ.

ನಮ್ಮ ದ್ವೀಪದ ಕಬ್ಬಿನೂರು ಲಂಬಾಸಾದಲ್ಲೇ ಹುಟ್ಟಿದವಳ ಹತ್ತಿರ ಹೇಳುವ ಸುಳ್ಳೇ ಅದು? ಕಬ್ಬಿನ ಬೂದಿ ಕರ್ರಗೆ ಬೀಳುತ್ತದೆ. ತಂತಿಯ ಮೇಲಿನ ನನ್ನ ಬಿಳಿ ಯೂನಿಫಾರ್ಮನ್ನು ಅದು ಎಷ್ಟು ಸಲ ಹಾಳುಮಾಡಿಲ್ಲ. ಸುಳ್ಳು ಹೇಳಲು ಬಾರದವಳು ಹೇಳಿದ ಸುಳ್ಳನ್ನು ನೋಡಿ ನಗಬೇಕಿತ್ತು. ನಾನು ಕಿರುಚಿದೆ. ಏನೇನೋ ಅಂದೆ. ಕೊನೆಗೆ ಅಂದದ್ದು ಮಾತ್ರ ನನಗೆ ಅಕ್ಷರಶಃ ನೆನಪಿದೆ: ಯಾರೂ ಇಲ್ಲದವಳ ಥರ ಕಾಣ್ತೀಯ.

ನೀನು ಕೂದಲನ್ನು ಗಂಟು ಕಟ್ಟಿಕೊಂಡು, "ಸರಿ, ಡಬ್ಬ ಕಳಿಸು" ಎಂದೆ.

ಊರಿಗೆ ಹೊರಟವರೊಬ್ಬರ ಕೈಯಲ್ಲಿ ಕಳಿಸಿದೆ. ಗೆದ್ದೆ ಅಂದುಕೊಂಡೆ.

ಈಗ ಇಲ್ಲಿಯ ವಿಷಯ. ನಮ್ಮ ಪಾರ್ಲರಿನ ಯಜಮಾನಿ ಗ್ಲೆನಿಸ್ ಬಗ್ಗೆ ಹೇಳಿದ್ದೇನಲ್ಲ. ಅರವತ್ತಮೂರು ವರ್ಷ, ದಿನವಿಡೀ ಬೇರೆಯವರಿಗೆ ಬಣ್ಣ ಹಚ್ಚಿಸುತ್ತಾರೆ, ಅವರ ತಲೆ ಮಾತ್ರ ಹತ್ತಿಯ ಹಾಗೆ ಬಿಳಿ. ಕೇಳಿದರೆ "ಮಿಠಾಯಿ ಅಂಗಡಿಯವನು ಮಿಠಾಯಿ ತಿಂತಾನಾ" ಅನ್ನುತ್ತಾರೆ. ಅವರದ್ದೊಂದು ನಿಯಮ ಇದೆ. ಹೊಸ ಬಣ್ಣ ಬಂದರೆ, ಎಷ್ಟು ಹಳೆಯ ಗಿರಾಕಿಯಾದರೂ ಮೊದಲು ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ ಎರಡು ದಿನ ಬಿಟ್ಟು ನೋಡಬೇಕು. ನನಗದು ಬರೀ ಶಾಸ್ತ್ರದ ಹಾಗೆ ಕಾಣುತ್ತಿತ್ತು.

ಹೋದ ಮಂಗಳವಾರ ಮಾರ್ಲೀನ್ ಬಂದಿದ್ದರು. ಎಪ್ಪತ್ತನಾಲ್ಕು ವರ್ಷ, ಗಂಡ ತೀರಿಕೊಂಡಿದ್ದಾರೆ, ಊರಾಚೆ ಕಿತ್ತಳೆ ತೋಟದಲ್ಲಿ ಒಬ್ಬರೇ ಇರುತ್ತಾರೆ. ಐದು ವಾರಕ್ಕೊಮ್ಮೆ ತಪ್ಪದೆ ಬಂದು ಕಂದು ಬಣ್ಣ ಹಚ್ಚಿಸಿಕೊಳ್ಳುತ್ತಾರೆ. ಡಬ್ಬ ಹೊಸದೆಂದು ನಾನೇ ಚುಕ್ಕೆ ಹಚ್ಚಿ ಕಳಿಸಿದೆ. ಗುರುವಾರ ಬಾಗಿಲು ತೆರೆದು ಒಳಗೆ ಬಂದರಲ್ಲ ಅಮ್ಮ, ನನ್ನ ಕೈಯಲ್ಲಿದ್ದ ಬಾಚಣಿಗೆ ಬಿದ್ದುಹೋಯಿತು. ಎರಡೂ ರೆಪ್ಪೆ ಊದಿ ಕಣ್ಣು ಗೀರಾಗಿತ್ತು. ಕಿವಿಯ ಹಿಂದೆ ಬೊಬ್ಬೆ. ಮಾರ್ಲೀನ್ ನಗುತ್ತಲೇ ಇದ್ದರು. "ಇದೇನು ಹೊಸದಲ್ಲ ಕಣಮ್ಮ, ಪ್ರತಿ ಸಲ ಮಾರನೇ ದಿನ ಹೀಗೇ ಆಗತ್ತೆ. ಕಿತ್ತಳೆ ಹೂವಿನ ಧೂಳು ಅಂದ್ಕೊಂಡಿದ್ದೆ." ಗ್ಲೆನಿಸ್ ಬೈದರು. "ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ಯಾ? ಪ್ರತಿ ಸಲ ಹಿಂದಿನ ಸಲಕ್ಕಿಂತ ಜಾಸ್ತಿ ಆಗ್ತಾ ಹೋಗತ್ತೆ ಇದು. ಒಂದಿನ ಗಂಟಲು ಊದಿ ಉಸಿರು ಕಟ್ಟಿದ್ರೆ ಆ ತೋಟದಲ್ಲಿ ಯಾರು ನೋಡೋರು ನಿನ್ನ?"

ಅದು ಮಾರ್ಲೀನ್ ಮುಖ ಆಗಿರಲಿಲ್ಲ. ಅದು ನಿನ್ನ ಸೋಮವಾರದ ಮುಖ.

ಅಪ್ಪ ಹೋದ ಎರಡೇ ವರ್ಷದಲ್ಲಿ ನಿನ್ನ ತಲೆ ನರೆಯಿತು. ಹಿಂದಿನ ಕೂದಲಿಗೆ ನಿನ್ನ ಕೈ ಎಟುಕುತ್ತಿರಲಿಲ್ಲವೆಂದು ಹನ್ನೊಂದು ವರ್ಷದ ನನ್ನನ್ನು ಕರೆದೆ. ತಿಂಗಳಿಗೊಂದು ಭಾನುವಾರ, ಹಿತ್ತಲ ಮೆಟ್ಟಿಲು. ನೀನು ಕೆಳಗಿನ ಮೆಟ್ಟಿಲಲ್ಲಿ, ನಾನು ಮೇಲಿನದರಲ್ಲಿ. ಬಸ್ ಸ್ಟ್ಯಾಂಡಿನ ಅಂಗಡಿಯ ಕಪ್ಪು ಪುಡಿಯ ಪೊಟ್ಟಣ, ಹಿಡಿ ಮುರಿದ ಟೀ ಕಪ್ಪು, ಹಳೆಯ ಹಲ್ಲುಜ್ಜುವ ಬ್ರಷ್. ಬ್ರಷ್ ಸಾಲದಾದಾಗ ನನ್ನ ಬರಿಗೈ. ಉರಿಯುತ್ತಾ ಎಂದು ಒಂದು ಸಲ ಕೇಳಿದ್ದೆ. "ತಣ್ಣಗಿದೆ, ಹಚ್ಚು" ಎಂದೆ. ಮುಗಿಯಿತು ಎಂದರೆ "ಕುತ್ತಿಗೆ ಹತ್ರ ಇನ್ನೊಂದ್ಸಲ ಹಚ್ಚು" ಅನ್ನುತ್ತಿದ್ದೆ. ಕುತ್ತಿಗೆಯ ಹತ್ತಿರ ಬಿಳಿ ಕೂದಲೇ ಇರಲಿಲ್ಲ. ಸೋಮವಾರ ನೀನು ಕಪ್ಪು ಕನ್ನಡಕ ಹಾಕಿಕೊಂಡು ಪಾಠ ಮಾಡುತ್ತಿದ್ದೆ. ರಾತ್ರಿಯೆಲ್ಲ ನೋಟ್‌ಬುಕ್ ತಿದ್ದಿ ಕಣ್ಣು ಊದಿದೆ ಅನ್ನುತ್ತಿದ್ದೆ. ನನ್ನ ಕ್ಲಾಸಿನವರು ನಿನ್ನನ್ನು ಹೀರೋಯಿನ್ ಟೀಚರ್ ಎಂದು ಕರೆಯುತ್ತಿದ್ದರು. ನನಗೆ ಹೆಮ್ಮೆ.

ಹನ್ನೊಂದು ವರ್ಷ, ತಿಂಗಳಿಗೊಮ್ಮೆ ನಾನು ನಿನ್ನನ್ನು ಸುಟ್ಟಿದ್ದೇನೆ. ನೀನು ಇನ್ನೊಂದ್ಸಲ ಎಂದು ಕೇಳಿದ್ದೀಯ.

ಯಾಕೆ ಎಂಬುದು ಮಾರ್ಲೀನ್ ಬಾಯಿಂದ ತಿಳಿಯಿತು. ಇನ್ನು ಬಣ್ಣ ಸಾಕು, ಬೆಳ್ಳಗೇ ಬಿಟ್ಟುಬಿಡು ಎಂದು ಗ್ಲೆನಿಸ್ ಹೇಳಿದಾಗ ಅವರು ಕನ್ನಡಿ ನೋಡುತ್ತ ಕೂತರು. "ಬಣ್ಣ ಬಿಟ್ರೆ ಇಲ್ಲಿಗೆ ಬರೋಕೆ ನೆಪ ಏನಿರತ್ತೆ ನನಗೆ? ನನ್ನ ತಲೆ ಮುಟ್ಟೋರು ನೀವಿಬ್ರೇ." ಗ್ಲೆನಿಸ್ ತಲೆ ಎತ್ತಲಿಲ್ಲ. ಕತ್ತರಿ ಒರೆಸುತ್ತ "ತಲೆ ತೊಳೆಸ್ಕೊಳ್ಳೋಕೆ ಬಾ. ಅದಕ್ಕೂ ದುಡ್ಡು ತಗೊಳ್ತೀನಿ, ಹೆದರಬೇಡ" ಎಂದರು. ಆಮೇಲೆ ಮಾರ್ಲೀನ್ "ಹಾಗಾದ್ರೆ ಪೂರ್ತಿ ಕತ್ತರಿಸು, ಅರ್ಧ ಕಂದು ಅರ್ಧ ಬಿಳಿ ಇಟ್ಕೊಂಡು ಮ್ಯಾಗ್‌ಪೈ ಹಕ್ಕಿ ಥರ ತಿರುಗಲಾರೆ" ಎಂದರು. ಕಂದು ಕೂದಲೆಲ್ಲ ನೆಲಕ್ಕೆ ಬಿತ್ತು. ಬೆರಳುದ್ದದ ಬಿಳಿ ಕೂದಲ ಮೇಲೆ ಅಂಗೈ ಆಡಿಸಿಕೊಂಡು, "ಇದು ನಮ್ಮಮ್ಮನ ತಲೆ" ಎಂದರು, ಯಾರಿಗೂ ಅಲ್ಲದ ಹಾಗೆ.

ಅವತ್ತು ಸಂಜೆ ನಿನ್ನ ಚಿತ್ರ ತೆಗೆದು ನೋಡಿದೆ. ಜಗಳದ ದಿನ, ಚಿಕ್ಕಮ್ಮನಿಗೆ ಕಳಿಸಿ ದೂರು ಹೇಳೋಣವೆಂದು, ಫೋನಿನ ಪರದೆಯಿಂದ ಹಿಡಿದಿಟ್ಟಿದ್ದ ಚಿತ್ರ. ಕೂದಲು ತಿಂಗಳಿಗೆ ಅರ್ಧ ಇಂಚು ಬೆಳೆಯುತ್ತದೆ. ಈ ಕೆಲಸದಲ್ಲಿ ಮೊದಲು ಕಲಿಸುವುದೇ ಅದನ್ನು. ಬಿಳಿ ಎಲ್ಲಿ ಮುಗಿಯುತ್ತದೆಂದು ನೋಡಿದರೆ, ಕೊನೆಯ ಸಲ ಯಾವಾಗ ಬಣ್ಣ ಬಿತ್ತೆಂದು ಹೇಳಬಹುದು. ನಿನ್ನ ತಲೆಯನ್ನು ಅಳೆಯಲು ನನಗೆ ಟೇಪು ಬೇಡ. ಬೈತಲೆಯಿಂದ ಕಿವಿಯ ಓಲೆಯವರೆಗೆ ನನ್ನ ಸಣ್ಣ ಕೈಯದೊಂದು ಗೇಣು. ಬಿಳಿ ಕೂದಲು ಓಲೆ ದಾಟಿ ಇನ್ನೆರಡು ಬೆರಳು ಇಳಿದಿತ್ತು. ಒಟ್ಟು ಒಂಬತ್ತು ಇಂಚು, ಅಂದರೆ ಹದಿನೆಂಟು ತಿಂಗಳು. ಹಿಂದಕ್ಕೆ ಎಣಿಸುತ್ತ ಹೋದೆ. ಹೋದ ವರ್ಷದ ಏಪ್ರಿಲ್‌ಗೆ ಬಂದು ನಿಂತೆ.

ನಾನು ವಿಮಾನ ಹತ್ತುವ ಮುಂಚಿನ ಭಾನುವಾರ, ಅದೇ ಮೆಟ್ಟಿಲಲ್ಲಿ ಹಚ್ಚಿದ್ದೇ ಕೊನೆಯದು. ಅವತ್ತೂ ನೀನು ಕುತ್ತಿಗೆ ಹತ್ತಿರ ಇನ್ನೊಂದು ಸಲ ಎಂದಿದ್ದೆ. ನನಗೆ ಪೆಟ್ಟಿಗೆ ಕಟ್ಟುವ ಅವಸರ, ಸಾಕು ಬಿಡಮ್ಮ ಎಂದು ಎದ್ದುಬಿಟ್ಟಿದ್ದೆ. ಆಮೇಲೆ ನೀನು ಯಾರಿಗೂ ತಲೆ ಕೊಟ್ಟಿಲ್ಲ. ನಾನು ಇಲ್ಲಿ ಎಷ್ಟು ದಿನ ಕಳೆದಿದ್ದೇನೆ ಎಂಬುದು ನಿನ್ನ ತಲೆಯ ಮೇಲೆ ಬೆಳೆದು ನಿಂತಿದೆ. ಜಗಳದ ಭಾನುವಾರ ನಾನು ಕಿರುಚಿದ್ದು ಅದಕ್ಕೇ ಇರಬೇಕು. ನಾನು ಬಿಟ್ಟು ಬಂದ ದಿನದ ಹಾಗೇ ನೀನು ಇರಬೇಕಿತ್ತು. ಹಾಗಿದ್ದರೆ ನಾನು ಬಹಳ ದೂರ ಬಂದಿಲ್ಲ ಎಂದಾಗುತ್ತಿತ್ತು.

ಯಾರೂ ಇಲ್ಲದವಳ ಥರ ಎಂದೆನಲ್ಲ ಅಮ್ಮ. ಅದು ನಿನ್ನ ಮುಖದಲ್ಲಿ ಕಂಡದ್ದಲ್ಲ. ಇಲ್ಲಿ ವಾರಕ್ಕೆ ನಲವತ್ತು ತಲೆ ತೊಳೆಯುತ್ತೇನೆ. ಬೆಚ್ಚಗಿನ ನೀರು ಬಿಟ್ಟು ಬೆರಳಾಡಿಸಿದರೆ ಕೆಲವರಿಗೆ ನಿದ್ದೆ ಬರುತ್ತದೆ, ಕೆಲವರಿಗೆ ಅಳು. ಮನೆಗೆ ಬಂದು ನನ್ನ ತಲೆ ನಾನೇ ತೊಳೆದುಕೊಳ್ಳುತ್ತೇನೆ.

ಹಾಗಾಗಿ ಗುರುವಾರ ಬೇಡ. ಮಗಳು ಬೇಡ ಎಂದಿದ್ದಾಳೆ ಎಂದು ಚಿಕ್ಕಮ್ಮನಿಗೆ ಹೇಳು. ಅವಳು ಕೇಳದಿದ್ದರೆ ಈ ಕಾಗದ ತೋರಿಸು, ಅವಳ ಬಗ್ಗೆ ಬರೆದದ್ದನ್ನು ಬೆರಳಿಂದ ಮುಚ್ಚಿಕೋ. ಶನಿವಾರ ಮದುವೆಗೆ ಬಿಳಿ ತಲೆಯಲ್ಲೇ ಹೋಗು. ತುರುಬು ಸ್ವಲ್ಪ ಎತ್ತರಕ್ಕೆ ಕಟ್ಟು, ತುದಿಯ ಕಪ್ಪು ಒಳಗೆ ಹೋಗುತ್ತದೆ. ಬೇಲಿಯ ಕೆಂಪು ದಾಸವಾಳ ಒಂದನ್ನು ಸಿಕ್ಕಿಸು. ಜನ ಬಸ್ಸಿನಲ್ಲಿ ಸೀಟು ಬಿಟ್ಟರೆ ಕೂತುಕೋ, ಮೂವತ್ತು ವರ್ಷ ನಿಂತು ಪಾಠ ಮಾಡಿದ್ದೀಯ.

ನನಗೆ ರಜೆ ಸಿಗಲಿಲ್ಲ, ಬರಲಾಗುತ್ತಿಲ್ಲ. ಪ್ರೀತಿಕಾಳಿಗೆ ನನ್ನ ಪರವಾಗಿ ಅಕ್ಷತೆ ಹಾಕು. ಇನ್ನು ಕ್ಷೇಮ. ನಾನು ಚೆನ್ನಾಗಿದ್ದೇನೆ.

ನಿನ್ನ ತಲೆಯನ್ನು ಕಣ್ಣುಮುಚ್ಚಿ ಗುರುತಿಸಬಲ್ಲ ಮಗಳು,
ಅರ್ತಿಕಾ

ತಾ.ಕ.: ಮೊದಲೇ ಯೋಚಿಸದವರಿಗೆ, ಇಲ್ಲವೇ ಹೆದರುವವರಿಗೆ ಮಾತ್ರ ತಾ.ಕ. ಬೇಕಾಗುತ್ತದೆ ಎಂದು ಕಲಿಸಿದವಳು ನೀನೇ. ನಾನು ಎರಡನೇ ಗುಂಪಿನವಳು. ಬರೆಯದೆ ಮಾತಾಡಿದ್ದು ಸೋಮಾರಿತನದಿಂದಲ್ಲ. ಆಗಸ್ಟಿನಿಂದ ನನ್ನ ಬೆರಳುಗಳೆಲ್ಲ ಬಿರಿದಿವೆ, ಈಗ ಏಳಕ್ಕೆ ಪಟ್ಟಿ ಸುತ್ತಿದೆ. ಕರೆ ಮಾಡಿದಾಗ ಕೈ ಮೇಜಿನ ಕೆಳಗೆ ಇಟ್ಟುಕೊಳ್ಳುತ್ತಿದ್ದೆ. ಮಾರ್ಲೀನ್ ಹೋದ ಮೇಲೆ ನಾನೂ ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿಕೊಂಡೆ. ಅದು ನನ್ನ ಕಣ್ಣಿಗೆ ಕಾಣುವುದಿಲ್ಲವಲ್ಲ, ಶನಿವಾರ ಗ್ಲೆನಿಸ್ ಕೂದಲು ಸರಿಸಿ ನೋಡಿದರು. ಬೊಬ್ಬೆ ಎದ್ದಿತ್ತು. ಅವರು ನನ್ನ ತಲೆಯ ಮೇಲೆ ಕೈ ಇಟ್ಟು ನಿಂತರು. ನಿನ್ನ ಗುಣವೇ ನನಗೂ ಬಂದಿದೆ. ಇನ್ನು ಮೇಲೆ ನಾನು ಬಣ್ಣ ಮುಟ್ಟುವಂತಿಲ್ಲ. ರಜೆ ಸಿಗಲಿಲ್ಲ ಎಂದದ್ದು ಸುಳ್ಳು, ಕೇಳಲೇ ಇಲ್ಲ. ಬಂದರೆ ನೀನು ಕೈ ನೋಡುತ್ತಿದ್ದೆ. ಮದುವೆ ಮುಗಿದ ಮಾರನೇ ದಿನ ಭಾನುವಾರ. ಹಿತ್ತಲ ಮೆಟ್ಟಿಲಲ್ಲಿ ಕೂತು, ತಲೆ ಪೂರ್ತಿ ಕಾಣುವ ಹಾಗೆ ಫೋನು ಹಿಡಿ. ನಾನೂ ಕೈ ಮೇಲೆತ್ತಿ ತೋರಿಸುತ್ತೇನೆ.