ಸುಣ್ಣ ಹಚ್ಚಿದ ತೋಳು

ಮುಳಬಾಗಿಲು
೧೪-೯-೧೯೪೧

ತಿರುಮಲಕ್ಕನಿಗೆ ತಮ್ಮ ಪ್ರಹ್ಲಾದನ ನಮಸ್ಕಾರ.

ಮಕ್ಕಳ ಮದುವೆ ಮಾತು ಇಲ್ಲಿಗೇ ಬಿಡೋಣ ಎಂದು ನೀನು ಬರೆದ ಕಾಗದ ಬಂದು ಬಹಳ ದಿನವಾಯಿತು. ತಡಕ್ಕೆ ಬೇಸರಿಸಬೇಡ. ಬರೆದ ಉತ್ತರಗಳನ್ನೆಲ್ಲ ನಾನೇ ಹರಿದು ಹಾಕಿದೆ. ಇಲ್ಲಿ ಎಲ್ಲರೂ ಕ್ಷೇಮ. ನನ್ನ ಮಗಳು ಅನಂತಲಕ್ಷ್ಮಿಯೂ ಕ್ಷೇಮ. ನೀನು ನಂಬುವುದಿಲ್ಲವೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಅವಳ ಶಾಲೆಯ ಉಪಾಧ್ಯಾಯಿನಿಗೆ ಕ್ಷಯವೆಂದು ತಿಳಿದ ಮೇಲೆ ಡಾಕ್ಟರು ಬಂದು ಯಾರಿಗಾದರೂ ಅಂಟಿದೆಯೇ ಎಂಬ ಪರೀಕ್ಷೆಗೆ ಹುಡುಗಿಯರ ತೋಳಿಗೆಲ್ಲ ಸೂಜಿ ಚುಚ್ಚಿದರು. ಮೂರನೆಯ ದಿನ ಬಾವು ನೋಡಲು ಬರುತ್ತೇನೆ, ಅಲ್ಲಿಯವರೆಗೆ ಏನೂ ಹಚ್ಚಬೇಡಿ ಎಂದರು. ಪಕ್ಕದ ಮನೆಯ ಅನಸೂಯಮ್ಮ ಬಿಡಬೇಕಲ್ಲ. "ಮಗು ಕೈ ಹೆಂಗೆ ಕೆಂಪಗಾಗಿದೆ ನೋಡ್ರೀ" ಎಂದು ಸುಣ್ಣ ಅರಿಶಿನ ಕಲಸಿ ಮೆತ್ತಿದರು. ಚರ್ಮ ಸುಟ್ಟು ಬೊಬ್ಬೆ ಎದ್ದಿತು.

ಡಾಕ್ಟರು ನೋಡಿ, "ಇದರಲ್ಲಿ ನನ್ನ ಸೂಜೀದೆಷ್ಟು, ನಿಮ್ಮ ಸುಣ್ಣದ್ದೆಷ್ಟು, ಏನಂತ ಹೇಳ್ಲಿ ಸ್ವಾಮಿ?" ಎಂದು ಇನ್ನೊಂದು ತೋಳಿಗೆ ಚುಚ್ಚಿದರು. ಅದೂ ಊದಿತು. ಅನಸೂಯಮ್ಮ ಕೋಲಾರಕ್ಕೆ ಬಂದು ನಿನಗೆ ಹೇಳಿದ್ದು ಇಷ್ಟು: "ಎರಡೂ ತೋಳು ಊದಿದೆ ಕಣ್ರೀ, ಎರಡೂ ಕಡೆ ಎದೆ ಹೋಗಿದೆ."

ಅಕ್ಕ, ತೋಳಿಗೂ ಎದೆಗೂ ಹಾಗೆ ಲೆಕ್ಕವಿಲ್ಲ. ಬಾವು ಬಂದರೆ ಕ್ರಿಮಿ ಎಂದೋ ಒಳಹೊಕ್ಕಿದೆ ಎಂದಷ್ಟೇ ಅರ್ಥ. ಅದು ಮಲಗಿದೆಯೋ ಎದ್ದಿದೆಯೋ ಸೂಜಿ ಹೇಳುವುದಿಲ್ಲ. ಅದಕ್ಕೇ ಬೆಂಗಳೂರಿಗೆ ಕರೆದೊಯ್ದು ಎಕ್ಸ್-ರೇ ತೆಗೆಸಿದೆ. ಏನೂ ಕಾಣಲಿಲ್ಲ. ಕೆಮ್ಮಿಲ್ಲ, ಜ್ವರವಿಲ್ಲ. "ದೊಡ್ಡೋರಿಗೆ ಚುಚ್ಚಿದ್ರೆ ಈ ಪೇಟೇಲಿ ಅರ್ಧ ಜನದ ತೋಳು ಊದ್ಕೊಳ್ಳುತ್ತೆ" ಎಂದರು ಡಾಕ್ಟರು. ನಾನೂ ಚುಚ್ಚಿಸಿಕೊಂಡೆ. ಊದಿತು. ಅಮ್ಮ ಕೆಮ್ಮಿ ಕೆಮ್ಮಿ ಸತ್ತ ವರ್ಷ ಅವಳ ಎರಡು ಮಗ್ಗುಲಲ್ಲಿ ಮಲಗುತ್ತಿದ್ದವರು ನಾನು ಮತ್ತು ನೀನು. ನೀನೂ ಚುಚ್ಚಿಸಿಕೋ ಎಂದರೆ, "ನಂಗೇನು ಬಂದಿದೆಯೋ?" ಎನ್ನುತ್ತೀ. ನನ್ನ ಮಗಳ ವಿಷಯದಲ್ಲಿ ನಾನು ಹೇಳುತ್ತಿರುವುದೂ ಅದನ್ನೇ.

ಅವಳು ತೊಟ್ಟಿಲಲ್ಲಿದ್ದಾಗಲೇ ನಿನ್ನ ಮಗ ನರಸಿಂಹನಿಗೆ ಕೇಳಿದವಳು ನೀನು. ಬೇಡವಾದರೆ ಬೇಡ ಎನ್ನು. ಅವಳ ತೋಳಿನ ನೆಪ ತೋರಿಸಬೇಡ.

ಭಾವನವರಿಗೆ ನಮಸ್ಕಾರ, ನರಸಿಂಹನಿಗೆ ಆಶೀರ್ವಾದ. ನಿಮ್ಮ ಮನೆ ತಣ್ಣಗಿರಲಿ.

ನಿನ್ನ ತಮ್ಮ
ಪ್ರಹ್ಲಾದ

ಇನ್ನೊಂದು ಮಾತು. ಗೌರಿ ಹಬ್ಬಕ್ಕೆ ನಿಮ್ಮಲ್ಲಿಗೆ ಬಂದು ಹೋದಾಗಿನಿಂದ ಹುಡುಗಿ ತನ್ನ ಲೋಟ ತೊಳೆದು ಹಿತ್ತಲ ಬಾಗಿಲ ಬಳಿ ಬೇರೆ ಇಡುತ್ತಿದ್ದಳು. ನಿನ್ನೆ ಯಾಕೆಂದು ಕೇಳಿದೆ. "ಅತ್ತೆ ನಂಗೆ ತೆಂಗಿನ ಚಿಪ್ಪಲ್ಲಿ ಕಾಫಿ ಕೊಟ್ರು ಅಪ್ಪ" ಎಂದಳು. ನಾನು ಲೋಟ ಒಳಗೆ ತಂದಿಟ್ಟೆ. ಬೆಳಿಗ್ಗೆ ನೋಡಿದರೆ ಅದು ಮತ್ತೆ ಹಿತ್ತಲ ಬಾಗಿಲ ಬಳಿ ಇತ್ತು.