ಬೆಂಚು ಬಿಡದ ಅಜ್ಜಿ

ತಾರೀಕು ೧೪, ಮಂಗಳವಾರ
ಮಧ್ಯಾಹ್ನ

ಮಗಳೇ,

ನಿನ್ನ ಅಮ್ಮನ ಆಶೀರ್ವಾದ. ನಾವಿಲ್ಲಿ ಕ್ಷೇಮ, ನೀನೂ ಅಲ್ಲಿ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಹನ್ನೆರಡು ದಿನವಾಯಿತು. ಉತ್ತರ ತಡವಾದದ್ದಕ್ಕೆ ಕೈ ನೋವು, ಕಣ್ಣು ಮಂಜು ಎಂದು ನೆವ ಹೇಳಬಹುದಿತ್ತು. ಸುಳ್ಳೇಕೆ? ಸಿಟ್ಟು ಬಂದಿತ್ತು. ಅವತ್ತೇ ಬರೆದಿದ್ದರೆ ಕಾಗದ ಹೊತ್ತಿ ಉರಿಯುತ್ತಿತ್ತು. ತಣ್ಣಗಾಗಲಿ ಎಂದು ಬಿಟ್ಟೆ. ಆಗಲಿಲ್ಲ. ಅದಕ್ಕೆ ಬಿಸಿಬಿಸಿಯಾಗಿಯೇ ಬರೆಯಲು ಕೂತಿದ್ದೇನೆ.

ಫೋನಿನಲ್ಲಿ ಹೇಳಬಾರದೇ ಎನ್ನುತ್ತೀಯ. ಫೋನಿನಲ್ಲಿ ನಾನು ಪೀಠಿಕೆ ಮುಗಿಸುವಷ್ಟರಲ್ಲಿ "ಅಮ್ಮ, ಥಿಯೇಟರಿಗೆ ಕರೀತಿದಾರೆ, ಇಡ್ತೀನಿ" ಎನ್ನುತ್ತೀಯ. ನರ್ಸಮ್ಮನವರಾಗಲಿರುವ ನಿನ್ನ ಆಸ್ಪತ್ರೆ ತರಬೇತಿಗೆ ನಾನು ಅಡ್ಡಿ ಬರುವುದಿಲ್ಲ. ನಾಲ್ಕನೇ ಕ್ಲಾಸಿನ ಅಕ್ಷರ ನನ್ನದು. ಒತ್ತು, ದೀರ್ಘ ತಪ್ಪಿದ್ದರೆ ತಿದ್ದಿಕೊಂಡು ಓದು. ವಿಷಯ ಮಾತ್ರ ತಪ್ಪಿರುವುದಿಲ್ಲ.

ಅಳಿಯಂದಿರು ಚೆನ್ನಾಗಿದ್ದಾರೆ. ಬೆಳಗಾಗುವ ಮೊದಲು ಬ್ರೆಡ್ಡಿನ ವ್ಯಾನು ತೆಗೆದುಕೊಂಡು ಹೋದರೆ ಎರಡು ಗಂಟೆಗೆ ಬಂದು, ಉಂಡು, ಮಲಗಿ, ಎದ್ದು, ಮತ್ತೆ ಉಂಡು ಮಲಗುತ್ತಾರೆ. ಬಾಯಿಂದ ಒಂದು ಮಾತು ಉದುರಬೇಕಾದರೆ ಮುಹೂರ್ತ ನೋಡಬೇಕು. ಅಡುಗೆಮನೆಯ ನಲ್ಲಿ ಸೋರುತ್ತಿತ್ತು, ಸರಿಮಾಡಿದರು. ನನ್ನ ಮಂಡಿ ಹಾಗೇ ಇದೆ, ಗುರುವಾರ ಕ್ಲಿನಿಕ್ಕಿಗೆ ಬರಹೇಳಿದ್ದಾರೆ. ನಿನ್ನ ಮಗಳು, ನಮ್ಮ ಇರುವೆ, ಎರಡು ಬೆರಳು ಉದ್ದವಾಗಿದ್ದಾಳೆ. ಕೆಲಸ ಮಾತ್ರ ಅದೇ: ಸದ್ದಿಲ್ಲದೆ ಮನೆಯ ಸಣ್ಣಪುಟ್ಟ ಸಾಮಾನನ್ನೆಲ್ಲ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸಾಗಿಸುವುದು. ನಿನ್ನೆ ನನ್ನ ಕನ್ನಡಕದ ಡಬ್ಬಿ ಅವಳಪ್ಪನ ಬೂಟಿನೊಳಗೆ ಸಿಕ್ಕಿತು.

ಇನ್ನು ವಿಷಯಕ್ಕೆ ಬರುತ್ತೇನೆ.

ಆ ಶಿಶುವಿಹಾರದ ಟೀಚರಮ್ಮ ನಿನಗೆ ನೇರವಾಗಿ ಬರೆದಿದ್ದಾಳೆ. ನಾನು ದಿನಾ ಬೆಳಗ್ಗೆ ಮೂರು ಗಂಟೆಗಳ ಕಾಲ ಅವಳ ಕಣ್ಣೆದುರಿಗೇ, ಗೋಡೆ ಪಕ್ಕದ ಬೆಂಚಿನ ಮೇಲೆ ಕೂತಿರುತ್ತೇನೆ. ಇಷ್ಟು ದಪ್ಪ ಇದ್ದೇನೆ, ಕಾಣುವುದಿಲ್ಲವೇ? ನನ್ನನ್ನು ಬಿಟ್ಟು ಇನ್ನೂರು ಮೈಲಿ ದೂರದ ನಿನಗೆ ಬರೆಯುತ್ತಾಳೆ! ಏನಂತ? ಮಗುವಿಗೆ ನಾಲ್ಕೂವರೆ ಆಯಿತು, ಸೇರಿ ಐದು ತಿಂಗಳಾದರೂ ತರಗತಿಯಲ್ಲಿ ಒಂದು ಮಾತು ಆಡಿಲ್ಲ, ಬರುವ ತಿಂಗಳಿಂದ ಎಂಟರಿಂದ ನಾಲ್ಕರವರೆಗೆ ಪೂರ್ತಿ ದಿನ ಬಿಡಿ, ಅಜ್ಜಿ ಜೊತೆಗೆ ಕೂರುವುದು ಬೇಡ, ಮನೆಯಲ್ಲಿ ಪ್ರಚೋದನೆ ಸಾಲದು. ಜೊತೆಗೆ ಮನೆಯಲ್ಲಿ ಮಾಡಿಸಬೇಕಾದ ಹದಿನೆಂಟು ಚಟುವಟಿಕೆಗಳ ಪಟ್ಟಿ. ನೀನು ಅದನ್ನೆಲ್ಲ ಲಕೋಟೆಗೆ ತುಂಬಿ ನನಗೆ ಕಳಿಸಿ, "ಪೂರ್ತಿ ದಿನದ ಅರ್ಜಿಗೆ ತಾಯಿಯ ಸಹಿ ಬೇಕಂತೆ, ನೀನೇನು ಹೇಳ್ತೀಯಮ್ಮ?" ಎಂದು ಕೇಳಿದ್ದೀಯ.

ಕೇಳಿದೆಯಲ್ಲ, ಹೇಳುತ್ತೇನೆ. ಸಹಿ ಹಾಕಬೇಡ.

ಆ "ಪ್ರಚೋದನೆ" ಎನ್ನುವುದು ಬೈಗುಳವೋ ಹೊಗಳಿಕೆಯೋ ನನಗೆ ತಿಳಿಯಲಿಲ್ಲ. ಅಳಿಯಂದಿರನ್ನು ಎಬ್ಬಿಸಿ ಕೇಳಿದೆ. "ಮಗೂಗೆ ಹುರುಪು ಬರೋ ಹಾಗೆ ಏನಾದ್ರೂ ಮಾಡಿಸೋದು, ಅತ್ತೆ" ಎಂದು ಹೇಳಿ ಮಗ್ಗುಲು ಬದಲಿಸಿದರು. ನನ್ನ ಮೈಯೆಲ್ಲ ಉರಿದು ಹೋಯಿತು. ಈ ಮನೆಯಲ್ಲಿ ಹುರುಪಿಗೆ ಬರವೇ?

ಪಟ್ಟಿಯಲ್ಲಿ ಮೊದಲನೆಯದು ಏನು ಗೊತ್ತೇ? ಮಗುವಿನ ಕೈಯಲ್ಲಿ ಚಮಚಗಳ ವಿಂಗಡಣೆ ಮಾಡಿಸಿ! ಕೋಳಿಗೆ ಕಾಳು ಹೆಕ್ಕಲು ಕಲಿಸಿದಂತಾಯಿತು. ಪಾತ್ರೆ ತೊಳೆದಾದ ಮೇಲೆ ಚಮಚದ ರಾಶಿ ಅವಳ ಮುಂದೆ ಸುರಿಯುವುದು ನಾನು ವರ್ಷದಿಂದ ನಡೆಸಿಕೊಂಡು ಬಂದ ಪದ್ಧತಿ. ದೊಡ್ಡದು ಒಂದು ಕಡೆ, ಚಿಕ್ಕದು ಒಂದು ಕಡೆ, ಸೌಟು ಬೇರೆ. ನಾನು ಪಕ್ಕದಲ್ಲೇ ಕೂತು "ಇದು ದೊಡ್ಡದು, ಇದು ಚಿಕ್ಕದು, ಇದು ನಿಮ್ಮಪ್ಪ ಡಬ್ಬಿ ಮುಚ್ಚಳ ಎತ್ತಲು ಹೋಗಿ ಬಗ್ಗಿಸಿದ್ದು" ಎಂದು ಹೇಳುತ್ತಾ ಹೋಗುತ್ತೇನೆ, ಅವಳು ಇಡುತ್ತಾ ಹೋಗುತ್ತಾಳೆ. ಇವತ್ತಿನವರೆಗೆ ಒಂದು ಚಮಚ ತಪ್ಪಿಲ್ಲ.

ಕಾಲುಚೀಲದ ಜೋಡಿ ಹುಡುಕುವುದು ನಾಲ್ಕನೆಯದೋ ಐದನೆಯದೋ ಇದೆ. ಅಳಿಯಂದಿರ ಕಾಲುಚೀಲವೆಲ್ಲ ಒಂದೇ ಬೂದು ಬಣ್ಣ, ಯಾವುದಕ್ಕೆ ಯಾವುದು ಜೋಡಿ ಎಂದು ನನಗೇ ತಿಳಿಯುವುದಿಲ್ಲ. ಅವಳು ಹಿಮ್ಮಡಿಯ ಸವೆತ ನೋಡಿ ಜೋಡಿ ಮಾಡುತ್ತಾಳೆ! ಯಾವ ಟೀಚರಮ್ಮ ಕಲಿಸಿದಳು ಇದನ್ನು? ಬಟ್ಟೆ ಒಣಹಾಕುವ ಕ್ಲಿಪ್ಪನ್ನು ಡಬ್ಬಿಯ ಅಂಚಿಗೆ ಸಿಕ್ಕಿಸಿದರೆ ಬೆರಳಿಗೆ ಬಲ ಬರುತ್ತದಂತೆ. ನಮ್ಮ ಮನೆಯಲ್ಲಿ ಕ್ಲಿಪ್ಪು ಡಬ್ಬಿಯ ಅಂಚಿಗಲ್ಲ, ನನ್ನ ಸೆರಗಿಗೆ, ಪರದೆಗೆ, ಮಲಗಿದ ಅಪ್ಪನ ಅಂಗಿಯ ತೋಳಿಗೆ, ಎಲ್ಲ ಕಡೆ ಸಿಕ್ಕಿಸಿಯಾಗಿದೆ. ಒಂದು ಲೋಟದಿಂದ ಇನ್ನೊಂದಕ್ಕೆ ಚೆಲ್ಲದೆ ನೀರು ಸುರಿಯುವುದನ್ನೂ ಬರೆದಿದ್ದಾಳೆ. ಅದನ್ನು ಮಾಡಿಸಿ ಮಾಡಿಸಿ ಸ್ನಾನದ ಮನೆಯ ಮುಂದೆ ನಾನೇ ಜಾರಿ ಬಿದ್ದದ್ದು ನಿನಗೆ ಹೇಳಿರಲಿಲ್ಲ. ಈಗ ಹೇಳಿದೆ. ಮಂಡಿಯ ಕಥೆ ಅದೇ.

ಕಾಗದ ಮಡಿಚುವುದನ್ನು ನನಗೆ ಹೇಳಿಕೊಡುವವರು ಇನ್ನೂ ಹುಟ್ಟಿಲ್ಲ. ಪ್ರೆಸ್ಸಿನಲ್ಲಿ ಮೂವತ್ತು ವರ್ಷ ಮಕ್ಕಳ ಪಠ್ಯಪುಸ್ತಕದ ಹಾಳೆ ಮಡಿಚಿದವಳು ನಾನು. ದೊಡ್ಡ ಹಾಳೆಗೆ ಮೂರು ಮಡಿಕೆ, ಹದಿನಾರು ಪುಟ. ಹೊಲಿಗೆಗೆ ಕೊಟ್ಟು ಮುಂದಿನದಕ್ಕೆ ಕೈ. ಒಳಗೆ ಏನು ಬರೆದಿದೆ ಎಂದು ಓದಲು ಪುರುಸೊತ್ತು ಇರಲಿಲ್ಲ, ಬೆನ್ನ ಹಿಂದೆ ಯಂತ್ರ ದಡಬಡ ಎನ್ನುತ್ತಿತ್ತು. ಅದರ ಸದ್ದಿಗಿಂತ ಗಟ್ಟಿಯಾಗಿ ಮಾತಾಡಿದವಳೇ ಅಲ್ಲಿ ಬದುಕುತ್ತಿದ್ದಳು. ಈಗ ಇರುವೆಗೆ ಹಳೆಯ ಪೇಪರು ಕೊಟ್ಟು ಮಡಿಚಲು ಕಲಿಸಿದ್ದೇನೆ. ಮೂಲೆಗೆ ಮೂಲೆ ಕೂರಿಸಿ, ಉಗುರಿನಿಂದ ಎಳೆದು, ಹೀಗೆ ಮಡಿಚುತ್ತಾಳೆ ನೋಡು, ನಮ್ಮ ಮೇಸ್ತ್ರಿ ಇದ್ದಿದ್ದರೆ ಅವತ್ತೇ ಕೆಲಸಕ್ಕೆ ಇಟ್ಟುಕೊಳ್ಳುತ್ತಿದ್ದ.

ಮೆಟ್ಟಿಲು ಎಣಿಸಿ ಎಂದಿದ್ದಾಳೆ. ನಮ್ಮ ಮನೆಗೆ ಮೂವತ್ತಾರು ಮೆಟ್ಟಿಲು. ದಿನಾ ಹತ್ತುವಾಗ ಒಂದರಿಂದ ಮೂವತ್ತಾರರವರೆಗೆ ನಾನೇ ಗಟ್ಟಿಯಾಗಿ ಎಣಿಸುತ್ತೇನೆ. ಏದುಸಿರು ಬಂದರೂ ಒಂದು ದಿನ ತಪ್ಪಿಸಿಲ್ಲ. ಕೆಳಗಿನ ಮನೆಯವರಿಗೂ ಎಣಿಕೆ ಬಾಯಿಪಾಠವಾಗಿದೆ. ಇನ್ನೂ ಏನು ಪ್ರಚೋದನೆ ಬೇಕು?

ಮಾತಿನ ವಿಷಯಕ್ಕೆ ಬಂದರೆ, ಅವಳಿಗೆ ಬರುವುದಿಲ್ಲವೆಂದು ಅಲ್ಲ. "ಬೇಕು" ಎನ್ನುತ್ತಾಳೆ, "ಬೇಡ" ಎನ್ನುತ್ತಾಳೆ, ಮಿಕ್ಕದ್ದಕ್ಕೆ ಬೆರಳು ತೋರಿಸುತ್ತಾಳೆ. ಅವಳ ಬೆರಳು ಅರ್ಧ ಏಳುವಷ್ಟರಲ್ಲಿ ಅವಳಿಗೆ ಏನು ಬೇಕೆಂದು ನನಗೆ ಗೊತ್ತಾಗಿಬಿಡುತ್ತದೆ. ನೀನು ಫೋನು ಮಾಡಿದಾಗಲೂ ಅವಳ ಪರವಾಗಿ ನಾನೇ ಹೇಳುವುದಿಲ್ಲವೇ, ಹಾಲು ಕುಡಿದಳು, ನಿದ್ದೆ ಮಾಡಿದಳು, ನಿನ್ನನ್ನು ಕೇಳಿದಳು ಎಂದು? ಅಪ್ಪನ ಗುಣ ಬಂದಿದೆ, ಅಷ್ಟೇ. ಅದಕ್ಕೆ ಶಾಲೆಯವರ ಅಪ್ಪಣೆ ಬೇಕೇ?

ಕಳೆದ ಶನಿವಾರದ್ದನ್ನೂ ಕೇಳಿಬಿಡು. ಟೀಚರಮ್ಮ ಮನೆಗೇ ಬಂದಳು. ಚಾಪೆಯ ಮೇಲೆ ಕೂತು ಮೂರು ಬಣ್ಣದ ಕಾರ್ಡು ತೆಗೆದಳು. ಕೆಂಪು ಕಾರ್ಡು ಹಿಡಿದು, "ಇದು ಯಾವ ಬಣ್ಣ, ಪುಟ್ಟಿ?" ಎಂದಳು.

"ಕೆಂಪು" ಎಂದೆ ನಾನು.

"ಅಜ್ಜಿ, ಅವಳು ಹೇಳಲಿ."

"ಹೇಳ್ತಾನೇ ಇದಾಳಲ್ಲ, ಅವಳ ಕಣ್ಣು ನೋಡಿ. ಗೊತ್ತಿಲ್ಲದೋರು ಹಾಗೆ ನೋಡ್ತಾರಾ?"

ಟೀಚರಮ್ಮ ನಕ್ಕು ಇನ್ನೊಂದು ಎತ್ತಿದಳು. "ಇದು?"

"ಹಳದಿ. ಅವಳ ಫ್ರಾಕೇ ಹಳದಿ, ಅಷ್ಟೂ ಗೊತ್ತಾಗಲ್ವಾ?"

ಆಗ ಟೀಚರಮ್ಮನಿಗೆ ಇದ್ದಕ್ಕಿದ್ದಂತೆ ಬಾಯಾರಿಕೆಯಾಯಿತು. "ಅಜ್ಜಿ, ಸ್ವಲ್ಪ ನೀರು ಕೊಡ್ತೀರಾ?" ನನ್ನನ್ನು ಎಬ್ಬಿಸಲು ಹೂಡಿದ ಆಟವೆಂದು ನನಗೆ ತಿಳಿಯದೇ? ಮನೆಗೆ ಬಂದವರು ನೀರು ಕೇಳಿದರೆ ಇಲ್ಲ ಎನ್ನುವುದು ಹೇಗೆ? ಎದ್ದೆ. ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದಾಗ "ಇದು ಯಾವುದು?" ಎಂದು ಕೇಳಿದ್ದು ಕಿವಿಗೆ ಬಿತ್ತು. ಅಲ್ಲಿಂದಲೇ ಕೂಗಿದೆ: "ಹಸಿರು!" ಕಾಣದೆ ಹೇಗೆ ಹೇಳಿದೆ ಎನ್ನುತ್ತೀಯಾ? ಇದ್ದದ್ದೇ ಮೂರು ಕಾರ್ಡು, ಎರಡು ಮುಗಿದಿತ್ತು.

ನೀರು ಕೊಟ್ಟಾಗ ಅವಳು ಹೇಳಿದ್ದು ಕೇಳು. "ಅಜ್ಜಿ, ಉತ್ತರ ನನಗೂ ಗೊತ್ತು. ನಾನು ಕೇಳ್ತಿರೋದು ಮಗೂನ."

"ಮಗು ಬೇರೆ, ನಾನು ಬೇರೇನಾ?" ಎಂದೆ. ನೀರು ಕುಡಿದು ಹೋದಳು. ಪೂರ್ತಿ ಕುಡಿಯಲಿಲ್ಲ, ಅರ್ಧ ಲೋಟ ಹಾಗೇ ಇತ್ತು. ಬಾಯಾರಿಕೆ ಎಷ್ಟಿತ್ತೆಂದು ಅದರಲ್ಲೇ ತಿಳಿಯಿತು.

ಇದನ್ನೆಲ್ಲ ಅಳಿಯಂದಿರಿಗೆ ಹೇಳಿ, "ನೀವೇ ಹೇಳಿ, ನಾನು ಮಾಡಿದ್ದರಲ್ಲಿ ಏನು ತಪ್ಪು?" ಎಂದು ಕೇಳಿದೆ. ಅನ್ನ ಕಲಸುತ್ತಿದ್ದವರು ಕೈ ನಿಲ್ಲಿಸಿ, "ಅತ್ತೆ, ಮೊದಲೆಲ್ಲ ನಾನೂ ಮಾತಾಡ್ತಿದ್ದೆ" ಎಂದರು. ಅಷ್ಟೇ! ಹಾಗೆಂದರೇನು? ಇವರ ಬಾಯಿಗೆ ಯಾರಾದರೂ ಬಟ್ಟೆ ತುರುಕಿದ್ದಾರೆಯೇ? ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಡುವ ಗಂಡಸು ಈ ಮನೆಗೆ ಬರಲೇ ಇಲ್ಲ, ಬಿಡು. ನಿಮ್ಮಪ್ಪನೂ ಹಾಗೇ ಇದ್ದರು.

ಕೊನೆಯ ಮಾತು. ಬೆಳಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ಆ ಮಗುವನ್ನು ಪರರ ಕೈಗೆ ಒಪ್ಪಿಸಿ ನಾನು ಈ ಮನೆಯಲ್ಲಿ ಏನು ಮಾಡಲಿ? ಗೋಡೆಗೆ ಬಣ್ಣದ ಹೆಸರು ಹೇಳಿಕೊಡಲೇ? ನೀನು ಹೊರಟ ದಿನ ಅವಳನ್ನು ನನ್ನ ಮಡಿಲಿಗೆ ಹಾಕಿ "ನಿನ್ನ ಭರವಸೆ ಮೇಲೆ ಹೋಗ್ತಿದೀನಮ್ಮ" ಎಂದವಳು ನೀನು. ಈಗ ಎರಡು ಸಾಲಿನ ಕಾಗದ ಬಂದರೆ ಭರವಸೆ ಹಾರಿಹೋಯಿತೇ? ಸಹಿ ಹಾಕಿದರೆ ನನಗೂ ಟೀಚರಮ್ಮನಿಗೂ ಅಲ್ಲ, ನನಗೂ ನಿನಗೂ ಜಗಳ. ನೆನಪಿಟ್ಟುಕೋ. ಅರ್ಜಿಯನ್ನು ಸಹಿಯಿಲ್ಲದೆ ಇದರ ಜೊತೆಗೇ ಇಟ್ಟಿದ್ದೇನೆ. ಹರಿದು ಬಿಸಾಡು.

ಹೊತ್ತಿಗೆ ಸರಿಯಾಗಿ ಉಣ್ಣು. ನಿಂತು ನಿಂತು ಕಾಲು ಊದಿಕೊಂಡರೆ ಗೋಡೆಗೆ ಕಾಲು ಎತ್ತಿ ಮಲಗು. ನೀನು ಹಿಡಿದ ಕೆಲಸ ಕೈಗೂಡಲಿ, ನಿನ್ನ ಕೈಯಿಂದ ನಾಲ್ಕು ಜೀವ ಉಳಿಯಲಿ, ಬೇಗ ಮನೆ ಸೇರು. ಸಿಟ್ಟಿನಲ್ಲಿ ಬರೆದರೂ ಆಶೀರ್ವಾದ ಆಶೀರ್ವಾದವೇ.

ಇಂತಿ,
ನಿನ್ನ ಅಮ್ಮ

ತಾ. ಕ. — ಗುರುವಾರ, ಸಂಜೆ. ಅಂಚೆಚೀಟಿ ಇರಲಿಲ್ಲವೆಂದು ಲಕೋಟೆ ಮನೆಯಲ್ಲೇ ಉಳಿದಿತ್ತು. ಮೇಲಿನದನ್ನು ಹರಿಯುವುದಿಲ್ಲ, ಬರೆದದ್ದು ಬರೆದದ್ದೇ. ಇದನ್ನೂ ಓದು.

ಇವತ್ತು ಮಂಡಿ ತೋರಿಸಲು ಹೋಗಬೇಕಿತ್ತಲ್ಲ, ಅಳಿಯಂದಿರು ಅರ್ಧ ದಿನ ರಜೆ ಹಾಕಿ ಮಗುವನ್ನು ಶಿಶುವಿಹಾರಕ್ಕೆ ಬಿಟ್ಟರು. ಈ ಐದು ತಿಂಗಳಲ್ಲಿ ನಾನು ಬೆಂಚಿನ ಮೇಲೆ ಇಲ್ಲದ ಮೊದಲ ದಿನ. ಕ್ಲಿನಿಕ್ಕಿನಲ್ಲಿ ಬೇಗ ಬಿಟ್ಟರು. ಕುಂಟಿಕೊಂಡೇ ನೇರವಾಗಿ ಶಾಲೆಗೆ ಹೋದೆ. ಮೂಲೆಯಲ್ಲಿ ಅಳುತ್ತಾ ಕೂತಿರುತ್ತಾಳೆ, ಟೀಚರಮ್ಮನಿಗೆ ಚೆನ್ನಾಗಿ ಬೈಯಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ.

ಕಿಟಕಿಯ ಹತ್ತಿರ ಬಂದಾಗ ಒಳಗಿನಿಂದ ಒಂದು ಮಗುವಿನ ದನಿ ಕೇಳಿಸಿತು. ಗಂಟಲು ನನ್ನ ಗಂಟಲಿನ ಹಾಗೇ ಗಡಸು. ಯಾರ ಮನೆಯ ಬಾಯಿಬಡುಕಿಯಪ್ಪಾ ಇದು ಎಂದು ಬಗ್ಗಿ ನೋಡಿದೆ. ನಮ್ಮ ಇರುವೆ. ಇನ್ನಿಬ್ಬರು ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಮರದ ತುಂಡುಗಳನ್ನು ಒಂದರ ಮೇಲೊಂದು ಇಡುತ್ತಾ ಬಿಡುವಿಲ್ಲದೆ ಮಾತಾಡುತ್ತಿದ್ದಳು. "ಇದು ನಮ್ಮಪ್ಪನ ವ್ಯಾನು ನಿಲ್ಲೋ ಜಾಗ. ಮುಟ್ಬೇಡಿ. ನಂಗೆ ಹಾಲು ಇಷ್ಟ ಇಲ್ಲ. ಅಜ್ಜಿ ಇಷ್ಟ ಅಂತಾರೆ, ಆದ್ರೆ ಇಷ್ಟ ಇಲ್ಲ. ನಮ್ಮಮ್ಮ ವಾಪಸ್ ಬಂದ್ಮೇಲೆ ನಾನು..."

ಅಷ್ಟರಲ್ಲಿ ತಲೆಯೆತ್ತಿದಳು. ಕಿಟಕಿಯಲ್ಲಿ ನನ್ನ ಮುಖ ಕಂಡಿತು. ಮಾತು ಅಲ್ಲೇ ನಿಂತಿತು. ಹೆದರಿ ನಿಲ್ಲಿಸಿದ್ದರೆ ನನಗೆ ಇಷ್ಟು ಆಗುತ್ತಿರಲಿಲ್ಲ. ಅವಳು ಹೆದರಲಿಲ್ಲ, ನಕ್ಕಳು. ನಕ್ಕು, ತುಟಿ ಮುಚ್ಚಿ, ನನ್ನನ್ನೇ ನೋಡುತ್ತಾ ಕೂತಳು. ಉಳಿದರ್ಧವನ್ನು ನಾನು ಹೇಳುತ್ತೇನೆಂದು.

ನೀನು ಬಂದ ಮೇಲೆ ಅವಳು ಏನು ಮಾಡುತ್ತಾಳಂತೆ? ನನಗೆ ಗೊತ್ತಿಲ್ಲ ಕಣೇ. ಗೊತ್ತೇ ಇಲ್ಲ.

ಟೀಚರಮ್ಮ ನಗಾಡಿದ್ದರೆ ಜಗಳವಾದರೂ ಆಡಬಹುದಿತ್ತು. ಅವಳು ಹೊರಗೆ ಬಂದು, ಕುರ್ಚಿ ಹಾಕಿ, "ಮಂಡಿ ಹೇಗಿದೆ, ಅಜ್ಜಿ?" ಎಂದಳು. ಅದಕ್ಕೂ ಸಿಟ್ಟು ಬಂತು. ಯಾರ ಮೇಲೆಂದು ಕೇಳಬೇಡ.

ಅರ್ಜಿಗೆ ಸಹಿ ಹಾಕಿ ಕಳಿಸು. ನನ್ನನ್ನು ಸಮಾಧಾನ ಮಾಡುವುದಕ್ಕೆಂದು ಒಂದು ಸಾಲೂ ಬರೆಯಬೇಡ, ಬರೆದರೆ ಓದುವುದಿಲ್ಲ.

ಇನ್ನೊಂದು. ನೀನು ಚಿಕ್ಕವಳಿದ್ದಾಗ ಪ್ರೆಸ್ಸಿನಲ್ಲಿ ಎಲ್ಲರೆದುರು "ನನ್ನ ಮಗಳು ಮಾತು ಕಮ್ಮಿ, ಮುತ್ತಿನಂಥವಳು" ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ. ನಿಜವಾಗಿಯೂ ನಿನ್ನ ಮಾತು ಕಮ್ಮಿ ಇತ್ತೇನೇ? ಹೌದು ಎಂದು ನಾನೇ ಬರೆಯಲು ಹೊರಟಿದ್ದೆ. ಬರೆಯಲಿಲ್ಲ. ನೀನೇ ಬರಿ. ಎಷ್ಟು ಹಾಳೆಯಾದರೂ ಸರಿ.