ಹರಳಿನಾಚೆಯ ಹಸಿರು

ಶಿರಾ
ತಾ. ೧೨-೧೧-೧೯೮೪

ಮಗಳು ಈರಕ್ಕನಿಗೆ ಅಪ್ಪನ ಆಶೀರ್ವಾದ.

ನಿನ್ನ ಅವ್ವನ ಮಂಡಿನೋವು ಬಿಟ್ಟರೆ ಇಲ್ಲಿ ಎಲ್ಲರೂ ನೆಟ್ಟಗಿದ್ದೇವೆ. ಉತ್ತರ ತಡವಾಯಿತು. ಕಂಬಳಿ ವ್ಯಾಪಾರ ಜೋರಾಗಿತ್ತು ಎಂದು ಬರೆಯಬಹುದಿತ್ತು. ಆದರೆ ಗಿರಾಕಿಗೆ ಹೇಳುವ ಸುಳ್ಳನ್ನು ಮಗಳಿಗೆ ಹೇಳಲಾರೆ. ಏನು ಬರೆಯಬೇಕೆಂದೇ ತಿಳಿದಿರಲಿಲ್ಲ.

ನಿನ್ನ ಎಡಗಣ್ಣಿಗೆ ಇನ್ನು ದೃಷ್ಟಿ ಬಾರದೆಂದು ಡಾಕ್ಟರು ಹೇಳಿದ್ದನ್ನೂ, ನೀನು ಲೇಸರ್ ಕೆಲಸ ಬಿಟ್ಟು ಊರಿಗೆ ಬರುತ್ತೇನೆ ಎಂದು ಬರೆದದ್ದನ್ನೂ ಅವ್ವನಿಗೆ ಓದಿ ಹೇಳಿದೆ. ‘ಬಂದ್ಬುಡ್ಲಿ. ಇರೋ ಒಂದ್ ಕಣ್ಣನ್ನೂ ಆ ಬೆಂಕಿಗೆ ಒಡ್ತಾಳಾ?’ ಅಂದಳು. ನಿನ್ನ ಸೋದರತ್ತೆ ಸಣ್ಣಕ್ಕ ಸುಮ್ಮನಿರುತ್ತಾಳೆಯೇ? ‘ಕುರಿ ಕಾಯೋರ ಮನೆ ಹುಡ್ಗಿಗೆ ಬೆಳಕಿನ ಓದು ಯಾಕ್ ಬೇಕಿತ್ತು? ನಮ್ಗೆ ಬಿಸ್ಲು ಸಾಲ್ದಾಗಿತ್ತಾ?’ ಅಂದಳು. ನಗು ಬಂತು, ನಗಲಿಲ್ಲ.

ನಾನು ಬೆಂಗಳೂರಿಗೆ ಬಂದಾಗ ಆ ಕತ್ತಲೆ ಕೋಣೆಯಲ್ಲಿ ನೀನು ತೋರಿಸಿದ್ದನ್ನು ಮರೆತಿಲ್ಲ. ಕಣ್ಣಿಗೆ ಕಾಣದ ಬೆಳಕನ್ನು ನೀನು ಒಂದು ಹರಳಿನೊಳಕ್ಕೆ ಬಿಟ್ಟೆ. ಮೊದಲು ಮೆಲ್ಲಗೆ ಬಿಟ್ಟಾಗ ಏನೂ ಇಲ್ಲ.

‘ಖಾಲಿ ಗೋಡೆ ತೋರ್ಸಕ್ಕೆ ಬಸ್ ಹತ್ತಿಸ್ಕಂಡ್ ಬಂದ್ಯೇನಮ್ಮ?’ ಎಂದು ನಾನು ಕೇಳಿದೆ.

‘ತಡಿಯಪ್ಪ, ಈಗ ನೋಡು’ ಎಂದು ನೀನು ಬೆಳಕು ಜೋರು ಮಾಡಿದೆ. ಗೋಡೆಯ ಮೇಲೆ ಹಸಿರು ಚುಕ್ಕಿ! ‘ಮೆತ್ತಗಿನ ಬೆಳಕು ಹರಳನ್ನ ಸುಮ್ನೆ ದಾಟಿ ಹೋಗುತ್ತೆ. ಜೋರು ಬೆಳಕು ಬಿದ್ರೆ ಹರಳಿನ ನಡವಳಿಕೆನೇ ಬದಲಾಗುತ್ತೆ, ಬಣ್ಣ ಬದಲಾಯಿಸಿ ಕೊಡುತ್ತೆ. ಒಳಗೆ ಬಿಟ್ಟ ಬೆಳಕು ಎರಡರಷ್ಟಾದ್ರೆ ಹಸಿರು ನಾಲ್ಕರಷ್ಟಾಗುತ್ತೆ.’

‘ಇಂಥ ಚಕ್ರಬಡ್ಡಿ ಮಧುಗಿರಿ ಸಾವ್ಕಾರರೂ ಕೇಳಿಲ್ಲ ಕಣಮ್ಮ’ ಎಂದೆ. ನೀನು ಬಾಯ್ತುಂಬ ನಕ್ಕೆ.

ಆ ನಗು ನೋಡಿದವನಾಗಿ ಹೇಳುತ್ತೇನೆ. ಊರಿಗೆ ಬಾ, ಅವ್ವನ ಕೈಯ ಮುದ್ದೆ ತಿನ್ನು, ಸಂಕ್ರಾಂತಿ ಮುಗಿಸಿ ವಾಪಸು ಹೋಗು. ಕೆಲಸ ಬಿಡಬೇಡ. ನಿನ್ನ ಜೊತೆ ಕೆಲಸ ಮಾಡುವ ಬಸವಲಿಂಗಯ್ಯ ನಿನ್ನ ಪುಸ್ತಕದ ಪೆಟ್ಟಿಗೆ ಕೊಡಲು ಮೊನ್ನೆ ಅಂಗಡಿಗೆ ಬಂದಿದ್ದ. ಅಲ್ಲಿನ ನಿಮ್ಮ ಮೇಷ್ಟ್ರು ನಿನ್ನ ಜಾಗವನ್ನು ಯಾರಿಗೂ ಕೊಟ್ಟಿಲ್ಲವಂತೆ. ಅವ್ವನನ್ನು ಒಪ್ಪಿಸುವುದು ನನಗಿರಲಿ.

ನಿನ್ನ ಬಲಗಣ್ಣು ನೂರು ವರ್ಷ ಬಾಳಲಿ.

ಇತಿ,
ನಿನ್ನಪ್ಪ
ಮಾರಣ್ಣ

ಮರೆಯದೆ ಬರೆಯಬೇಕಾದ ಮಾತು: ನನಗೆ ಗೊತ್ತಿದೆ ಎಂದುಕೊಂಡೇ ಬಸವಲಿಂಗಯ್ಯ ಮಾತಾಡಿದ, ಪಾಪ. ಕಣ್ಣಿಗೆ ಪೆಟ್ಟಾದದ್ದು ನೀನು ಬರೆದಂತೆ ನಾನು ಊರಿಗೆ ಮರಳಿದ ಮುಂದಿನ ವಾರವಲ್ಲ, ನಾನು ಆ ಕೋಣೆಯಲ್ಲಿದ್ದಾಗಲೇ ಅಂತೆ. ಕಾಣದ ಬೆಳಕನ್ನು ತಡೆಯುವ ಕನ್ನಡಕ ಅವತ್ತು ಅಲ್ಲಿ ಒಂದೇ ಇತ್ತಂತೆ. ಅದನ್ನು ನೀನು ನನ್ನ ಮೂಗಿನ ಮೇಲೆ ಕೂರಿಸಿದೆ. ಒಂದೇ ಕಂಬಳಿ ಇದ್ದರೆ ಬಂದವರಿಗೆ ಹಾಸಿ ನಾವು ಬರಿನೆಲಕ್ಕೆ ಕೂರುವ ರೂಢಿ ನಮ್ಮ ಮನೆಯದು. ಅದು ಕಂಬಳಿಗೆ ಸರಿ ಮಗಳೇ, ಕಣ್ಣಿಗಲ್ಲ. ಅವತ್ತು ಬಸ್ ಸ್ಟಾಂಡಿಗೆ ಹೋಗುವಾಗ ನೀನು ನನ್ನನ್ನು ಎಡಗಡೆಗೆ ನಿಲ್ಲಿಸಿಕೊಂಡು, ಕೈ ಹಿಡಿದು ರಸ್ತೆ ದಾಟಿದೆ. ಅಪ್ಪನನ್ನು ದಾಟಿಸುತ್ತಿದ್ದಾಳೆ ಎಂದು ನಾನು ಬೀಗಿದೆ. ಯಾರು ಯಾರನ್ನು ದಾಟಿಸಿದ್ದೆಂದು ಈಗ ತಿಳಿಯಿತು.

ಅವ್ವನಿಗೆ ಇದನ್ನು ಇನ್ನೂ ಹೇಳಿಲ್ಲ. ಈ ಕಾಗದವನ್ನು ಡಬ್ಬಿಗೆ ಹಾಕಿ, ಮನೆಗೆ ಹೋಗಿ ಹೇಳುತ್ತೇನೆ. ನೀನು ಬಂದಾಗ ಅವಳು ಕಣ್ಣಿನ ಬಗ್ಗೆ ಏನೂ ಕೇಳದಿದ್ದರೆ, ಹೇಳಿದ್ದೇನೆ ಎಂದು ತಿಳಿದುಕೋ.